ಕರೆಂಟ್ ಕೊಡಿಸ್ಕೊಂಡ ಮೇಲೆ ಏನು?

ನಮ್ಮ ಚಿಕ್ಕಬಾಣಾವರದ ಕಡೆ ‘ಕರೆಂಟ್ ಕೊಡಿಸ್ಕೊಂಡು ಬಂದೆ’ ಅಂದರೆ ಯಾರೂ ಗಾಬರಿಯಾಗುವುದಿಲ್ಲ. ಸೊಂಟಕ್ಕಾ, ಮಂಡಿಗಾ, ಕತ್ತಿಗಾ ಅಂತ ಮಾತ್ರ ಕೇಳುತ್ತಾರೆ. ಹೆಸರಘಟ್ಟ ರಸ್ತೆಯಲ್ಲಿ ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲೋ, ಬೇಕರಿ ಪಕ್ಕದ ಶೆಟರ್ ಮಳಿಗೆಯಲ್ಲೋ ಫಿಸಿಯೋಥೆರಪಿ ಕ್ಲಿನಿಕ್ಕಿನ ಬೋರ್ಡು ಕಾಣುತ್ತದೆ. ಸಂಜೆ ಪೀಣ್ಯದ ಕಡೆಯಿಂದ ಬರುವ ಬಸ್ಸುಗಳು ಖಾಲಿಯಾಗುತ್ತಾ ಬಂದಂತೆ ಈ ಕ್ಲಿನಿಕ್ಕುಗಳ ಬೆಂಚು ತುಂಬುತ್ತದೆ. ಗಾರ್ಮೆಂಟ್ಸಿನಲ್ಲಿ ಮೆಷಿನ್ ಮುಂದೆ ದಿನವಿಡೀ ಬಗ್ಗಿ ಕೂತವರು, ಲೇತ್ ಮುಂದೆ ನಿಂತವರು, ಗೋಡೌನಿನಲ್ಲಿ ಮೂಟೆ ಎತ್ತಿದವರು. ಎಲ್ಲರೂ ಹೇಳುವುದು ಒಂದೇ ಮಾತು: ‘ಕರೆಂಟ್ ಕೊಟ್ಟಾಗ ಹಾಯಾಗಿರುತ್ತೆ, ಮನೆಗೆ ಹೋಗೋ ಹೊತ್ತಿಗೆ ಮತ್ತೆ ಅದೇ.’

ನಾನೂ ಆ ಬೆಂಚಿನ ಮೇಲೆ ಕೂತವಳೇ. ಒಂಬತ್ತು ವರ್ಷದಿಂದ ಸ್ಟ್ರಿಂಗರ್ ಕೆಲಸ. ನೆಲಮಂಗಲ, ದಾಸರಹಳ್ಳಿ, ಹೆಸರಘಟ್ಟ ಅಂತ ಸ್ಕೂಟರಿನಲ್ಲಿ ಓಡಾಟ. ಎರಡನೇ ಹೆರಿಗೆಯಾದ ಮೇಲೆ ಸೊಂಟದ ಕೆಳಗೆ, ಬಾಲದ ಮೂಳೆಯ ಹತ್ತಿರ ಶುರುವಾದ ನೋವು ಎರಡೂವರೆ ವರ್ಷ ಹೋಗಲೇ ಇಲ್ಲ. ಅದರ ಜೊತೆಗೆ ಇನ್ನೊಂದು ತೊಂದರೆಯೂ ಇತ್ತು. ಕೆಮ್ಮಿದರೆ, ಸೀನಿದರೆ, ರೋಡ್ ಹಂಪಿನ ಮೇಲೆ ಸ್ಕೂಟರ್ ಎಗರಿದರೆ ಒಂದೆರಡು ಹನಿ ಮೂತ್ರ ಹೋಗಿಬಿಡುತ್ತಿತ್ತು. ಇದನ್ನು ಹೇಳಲು ನಮ್ಮಲ್ಲಿ ಮರ್ಯಾದೆಯ ಮಾತೇ ಇಲ್ಲ. ‘ಕೆಳಗಡೆ ಸಡಿಲ ಆಗಿದೆ’ ಅನ್ನುತ್ತಾರೆ, ಇಲ್ಲವೇ ‘ಹೆಂಗಸರ ತೊಂದರೆ’ ಅಂತ ಮುಗಿಸುತ್ತಾರೆ. ಮೊದಲು ಹೋದ ಕ್ಲಿನಿಕ್ಕಿನ ಫಾರಂನಲ್ಲಿ ಕತ್ತು, ಭುಜ, ಸೊಂಟ, ಮಂಡಿ ಅಂತ ಟಿಕ್ ಹಾಕಲು ಚೌಕಗಳಿದ್ದವು. ಇದಕ್ಕೆ ಚೌಕವಿರಲಿಲ್ಲ.

ಅಲ್ಲಿ ಹತ್ತು ಸಿಟ್ಟಿಂಗ್, ಒಂದಕ್ಕೆ 350 ರೂಪಾಯಿ. ಬೋರಲು ಮಲಗಿಸಿ ಸೊಂಟದ ಎರಡೂ ಕಡೆ ನಾಲ್ಕು ಪ್ಯಾಡು ಅಂಟಿಸಿ ಹುಡುಗನೊಬ್ಬ ಗುಂಡಿ ತಿರುಗಿಸುತ್ತಿದ್ದ. ಇರುವೆ ಹರಿದ ಹಾಗೆ ಜುಮುಜುಮು. ‘ಮೇಡಂ, ಸಾಕಾ?’ ಅಂತ ಕೇಳಿ ಹೋದರೆ ಹದಿನೈದು ನಿಮಿಷಕ್ಕೆ ಟಣ್ ಅಂತ ಬೆಲ್ಲು. ಇದಕ್ಕೆ ಐಎಫ್‌ಟಿ ಅನ್ನುತ್ತಾರೆ. ಸೆಕೆಂಡಿಗೆ ಸುಮಾರು 4000 ಸಲ ಮಿಡಿಯುವ, ಆದರೆ ಸ್ವಲ್ಪವೇ ವ್ಯತ್ಯಾಸವಿರುವ ಎರಡು ಕರೆಂಟುಗಳನ್ನು ಅಡ್ಡಡ್ಡ ಹಾಯಿಸುತ್ತಾರೆ. ಒಂದು 4000, ಇನ್ನೊಂದು 4100 ಇದ್ದರೆ, ಎರಡೂ ಕೂಡುವ ಜಾಗದಲ್ಲಿ ನರಕ್ಕೆ ತಾಗುವುದು ಆ 100ರ ಮಿಡಿತ. ಅಷ್ಟು ವೇಗದ ಕರೆಂಟಿಗೆ ಚರ್ಮ ಹೆಚ್ಚು ತಡೆ ಒಡ್ಡುವುದಿಲ್ಲ, ಹಾಗಾಗಿ ಚುರುಗುಟ್ಟುವುದು ಕಡಿಮೆ. ಇದರ ಸಣ್ಣ ತಮ್ಮನೇ ಟೆನ್ಸ್. ಬ್ಯಾಟರಿಯಲ್ಲಿ ನಡೆಯುವ, ಅಂಗೈಯಗಲದ ಪೆಟ್ಟಿಗೆ. ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುತ್ತದೆ.

ಹತ್ತು ದಿನವೂ ನನಗೆ ಎರಡು ಮೂರು ಗಂಟೆ ಹಾಯೆನಿಸುತ್ತಿತ್ತು. ಅದು ಸುಳ್ಳಲ್ಲ, ಭ್ರಮೆಯೂ ಅಲ್ಲ. ಯಾಕೆ ಹಾಗಾಗುತ್ತದೆ ಎನ್ನುವುದಕ್ಕೆ ಒಂದು ಹೆಸರಾದ ವಿವರಣೆಯಿದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ನೋವಿಗೆ ಒಂದು ಗೇಟು ಇರುತ್ತದೆ ಅಂದರು. ಮುಟ್ಟಿದ್ದು, ಉಜ್ಜಿದ್ದು, ಅದುರಿದ್ದನ್ನು ತಿಳಿಸುವ ದಪ್ಪ ನರಗಳು ಚುರುಕಾದರೆ, ನೋವು ಹೊತ್ತು ತರುವ ಸಣ್ಣ ನರಗಳಿಗೆ ಆ ಗೇಟು ಅರ್ಧ ಮುಚ್ಚಿಕೊಳ್ಳುತ್ತದೆ. ಮಗು ಬಿದ್ದರೆ ನಾವು ಪೆಟ್ಟಾದ ಕಡೆ ಉಜ್ಜಿ ‘ಹೋಯ್ತು ಹೋಯ್ತು’ ಅನ್ನುತ್ತೇವಲ್ಲ, ಅದೇ ಲೆಕ್ಕ. ಟೆನ್ಸ್ ಈ ಉಜ್ಜುವ ಕೆಲಸವನ್ನು ಕರೆಂಟಿನಿಂದ ಮಾಡಿಸುತ್ತದೆ. ಸೆಕೆಂಡಿಗೆ ನೂರರ ಆಸುಪಾಸು ಮಿಡಿತ ಇಟ್ಟರೆ ಈ ಗೇಟಿನ ಕೆಲಸ. ಎರಡು ನಾಲ್ಕಕ್ಕೆ ಇಳಿಸಿ ಜೋರು ಮಾಡಿದರೆ ಮೈಯೊಳಗಿನ ನೋವುನಿವಾರಕಗಳಾದ ಎಂಡಾರ್ಫಿನ್‌ಗಳು ಒದಗುತ್ತವೆ ಅನ್ನುತ್ತಾರೆ. ಯಂತ್ರ ಹೊಸದು, ಉಪಾಯ ಹಳೆಯದು. ಎರಡು ಸಾವಿರ ವರ್ಷದ ಹಿಂದೆ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಕರೆಂಟ್ ಹೊಡೆಯುವ ಟಾರ್ಪಿಡೋ ಮೀನನ್ನು ತಲೆನೋವಿಗೂ ಗೌಟ್ ನೋವಿಗೂ ಇಡಿಸುತ್ತಿದ್ದನಂತೆ.

ಆದರೆ ಗೇಟು ಮುಚ್ಚಿದರೆ ಬೀದಿಯ ಗದ್ದಲ ಕೇಳಿಸುವುದಿಲ್ಲ ಅಷ್ಟೇ, ಗದ್ದಲ ನಿಂತಿರುವುದಿಲ್ಲ. ಯಾಕೆ ನೋಯುತ್ತಿದೆ ಅಂತ ಹತ್ತು ದಿನದಲ್ಲಿ ಅಲ್ಲಿ ಯಾರೂ ಕೇಳಲಿಲ್ಲ. ಹನ್ನೊಂದನೇ ದಿನ ‘ಇನ್ನೊಂದು ಹತ್ತು ಹಾಕ್ಸಿ ಮೇಡಂ’ ಅಂದರು.

ಆ ಹಾಕಿಸುವ ಬದಲು, ಕಾಲೇಜೊಂದರ ಹೊರರೋಗಿ ವಿಭಾಗಕ್ಕೆ ಹೋದೆ. ನಮ್ಮ ಸೋಲದೇವನಹಳ್ಳಿ, ಹೆಸರಘಟ್ಟ ರಸ್ತೆಯ ಸುತ್ತ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಕಾಲೇಜುಗಳಿಗೆ ಬರವಿಲ್ಲ. ಅಲ್ಲಿದ್ದ ಫಿಸಿಯೋಥೆರಪಿಸ್ಟ್ ನನಗಿಂತ ಚಿಕ್ಕವಳು, ಹಾಸನದ ಕಡೆಯ ಮಾತು. ಸೊಂಟ ಮುಟ್ಟುವ ಮೊದಲೇ ಕೇಳಿದಳು: ‘ಎಷ್ಟು ಹೆರಿಗೆ ಅಕ್ಕ? ನಾರ್ಮಲ್ಲಾ? ಕೆಮ್ಮಿದ್ರೆ ಒಂದಾ ಆಗಿಬಿಡುತ್ತಾ?’

ಒಂದಾ. ಶಾಲೆಯಲ್ಲಿ ಬೆರಳೆತ್ತಿ ‘ಮಿಸ್, ಒಂದಕ್ಕೆ’ ಅನ್ನುತ್ತಿದ್ದೆವಲ್ಲ, ಅದೇ ಮಾತು. ಅದರಲ್ಲಿ ನಾಚಿಕೆಯೂ ಇಲ್ಲ, ಡಾಕ್ಟರಿಕೆಯೂ ಇಲ್ಲ. ‘ಹೂಂ ಕಣಮ್ಮ’ ಅಂದೆ. ಎರಡು ಕಾಯಿಲೆ ಅಂದುಕೊಂಡದ್ದನ್ನು ಅವಳು ಒಂದೇ ದಾರಕ್ಕೆ ಪೋಣಿಸಿದಳು.

ಅವಳು ಹೇಳಿದ್ದು ಹೀಗೆ. ಹಳೇ ಸೀರೆಯಲ್ಲಿ ಮಗುವಿಗೆ ಜೋಲಿ ಕಟ್ಟುತ್ತೇವಲ್ಲ, ಹಾಗೆ ಮುಂದಿನ ಕೆಳಹೊಟ್ಟೆಯ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಸ್ನಾಯುಗಳ ಒಂದು ಜೋಲಿ ಇದೆ. ಮೂತ್ರಚೀಲ, ಗರ್ಭಕೋಶ, ಮಲದ ಚೀಲ ಅದರ ಮೇಲೆ ಕೂತಿವೆ. ಪುಸ್ತಕದ ಕನ್ನಡದಲ್ಲಿ ಶ್ರೋಣಿ ತಳದ ಸ್ನಾಯುಗಳು. ಇಂಗ್ಲಿಷಿನಲ್ಲಿ ಪೆಲ್ವಿಕ್ ಫ್ಲೋರ್. ಗಂಡಸರಿಗೂ ಇದೆ. ಪ್ರಾಸ್ಟೇಟ್ ಆಪರೇಷನ್ ಆದವರಲ್ಲಿ ಮೂತ್ರ ಸೋರುವುದಕ್ಕೂ ಇದನ್ನೇ ಬಲಪಡಿಸುತ್ತಾರೆ. ಈ ಜೋಲಿ ಹೊಟ್ಟೆಯ ಸ್ನಾಯು, ಉಸಿರಿನ ವಪೆ, ಬೆನ್ನಿನ ಒಳಸ್ನಾಯುಗಳ ಜೊತೆ ಸೇರಿ ಸೊಂಟವನ್ನು ಹಿಡಿದಿರುತ್ತದೆ. ಹೆರಿಗೆಯಲ್ಲಿ ಇದು ಎಳೆದುಕೊಳ್ಳುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಬಾಣಂತನದಲ್ಲಿ ನಮ್ಮಮ್ಮ ನನಗೆ ಬಿಸಿನೀರು ಎರೆದು, ಹೊಟ್ಟೆಗೆ ಸೀರೆ ಬಿಗಿದು ಕಟ್ಟಿದ್ದರು. ಮೇಲಿನ ಗೋಡೆಗೆ ಕಟ್ಟು ಸಿಕ್ಕಿತು. ಕೆಳಗಿನ ಜೋಲಿಯ ಬಗ್ಗೆ ಹೇಳಲು ಅಮ್ಮನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಪರದೆ ಎಳೆದು, ಒಪ್ಪಿಗೆ ಕೇಳಿ, ಇನ್ನೊಬ್ಬ ಹೆಂಗಸನ್ನು ಜೊತೆಗಿಟ್ಟುಕೊಂಡು ಪರೀಕ್ಷೆ ಮಾಡಿದಳು. ‘ಗ್ಯಾಸ್ ತಡೀತೀರಲ್ಲ, ಹಂಗೆ ಒಳಕ್ಕೆ ಎಳ್ಕೊಳಿ ಅಕ್ಕ.’ ನಾನು ಹೊಟ್ಟೆ ಬಿಗಿದೆ, ತೊಡೆ ಬಿಗಿದೆ, ಉಸಿರು ಕಟ್ಟಿದೆ. ಬೇಕಾದ ಸ್ನಾಯು ಅಲುಗಲಿಲ್ಲ. ಅಲ್ಲಿಗೆ ಹೋಗುವ ದಾರಿಯೇ ಮೈಗೆ ಮರೆತುಹೋಗಿತ್ತು. ಆಗ ಅವಳು ಕರೆಂಟಿನ ಮಾತೆತ್ತಿದಳು. ಇದು ಸೊಂಟಕ್ಕೆ ಪ್ಯಾಡು ಅಂಟಿಸುವ ಬಗೆಯದಲ್ಲ. ಒಳಗೆ ಇಡುವ ಹೆಬ್ಬೆರಳಿನಷ್ಟು ಗಾತ್ರದ ಪ್ರೋಬು, ಒಬ್ಬರಿಗೆ ಇಟ್ಟದ್ದನ್ನು ಇನ್ನೊಬ್ಬರಿಗೆ ಇಡುವಂತಿಲ್ಲ. ಇಲ್ಲಿ ಕರೆಂಟಿನ ಕೆಲಸ ನೋವು ಮುಚ್ಚುವುದಲ್ಲ, ಸ್ನಾಯುವನ್ನು ಹಿಡಿದು ಬಿಗಿಯುವಂತೆ ಮಾಡುವುದು. ಸೋರುವವರಿಗೆ ಸಾಮಾನ್ಯವಾಗಿ ಸೆಕೆಂಡಿಗೆ 50ರ ಹತ್ತಿರ ಮಿಡಿತ. ತಡೆಯಲಾಗದ ಅವಸರ ಇರುವವರಿಗೆ 10ರ ಹತ್ತಿರ, ಅದು ಮೂತ್ರಚೀಲವನ್ನು ಸಮಾಧಾನ ಮಾಡಲು. ಕೆಲವು ಸೆಕೆಂಡು ಬಿಗಿತ, ಅದಕ್ಕಿಂತ ಹೆಚ್ಚು ಹೊತ್ತು ಬಿಡುವು, ಹೀಗೆ ಇಪ್ಪತ್ತು ನಿಮಿಷ.

ಮೊದಲ ದಿನ ಮುಜುಗರವಾಯಿತು. ನೋವಾಗಲಿಲ್ಲ. ವಿಚಿತ್ರವೆನಿಸಿದ್ದು, ನನ್ನದೇ ಮೈಯ ಒಂದು ಭಾಗ ಇಷ್ಟು ವರ್ಷಕ್ಕೆ ‘ಇಲ್ಲಿದ್ದೀನಿ’ ಅಂದ ಹಾಗಾದದ್ದು. ‘ಅದು ಬಿಗೀತಾ ಇರೋವಾಗ ನೀವೂ ಜೊತೆಗೆ ಬಿಗೀರಿ, ಸುಮ್ನೆ ಮಲಗಬೇಡಿ’ ಅಂತ ಅವಳು ಹೇಳುತ್ತಿದ್ದಳು. ಐದನೇ ವಾರ ಯಂತ್ರ ಸುಮ್ಮನಿದ್ದಾಗಲೂ ನನಗೇ ಬಿಗಿಯಲು ಬಂತು. ಅವತ್ತೇ ವೈರು ಸುತ್ತಿಟ್ಟಳು. ‘ಇನ್ನು ಮೆಷಿನ್ ಬೇಡ ಅಕ್ಕ, ನಿಮ್ಮ ಕೈಲೇ ಆಗುತ್ತೆ.’

ದುಡ್ಡು ತರುವ ಯಂತ್ರವನ್ನು ಕೈಯಾರೆ ಆಫ್ ಮಾಡಿದ್ದು ನನಗೆ ದೊಡ್ಡದಾಗಿ ಕಂಡಿತು. ಅವಳು ಮಾಡಿದ್ದು ಪುಸ್ತಕದ ಪ್ರಕಾರವೇ. ಬ್ರಿಟನ್ನಿನಲ್ಲಿ ಯಾವ ಚಿಕಿತ್ಸೆ ಕೊಡಬಹುದು, ಯಾವುದು ಬೇಡ ಅಂತ ಹೇಳುವ ನೈಸ್ ಎಂಬ ಸಂಸ್ಥೆಯಿದೆ. ಮೂತ್ರ ಸೋರುವ ಹೆಂಗಸರಿಗೆ ಮೊದಲ ಚಿಕಿತ್ಸೆ ಕಲಿತವರ ಉಸ್ತುವಾರಿಯಲ್ಲಿ ಕನಿಷ್ಠ 3 ತಿಂಗಳ ವ್ಯಾಯಾಮ, ಒಂದು ಸಲಕ್ಕೆ ಕನಿಷ್ಠ 8 ಬಿಗಿತ, ದಿನಕ್ಕೆ 3 ಸಲ ಅನ್ನುತ್ತದೆ ಅದು. ಕರೆಂಟನ್ನು ಎಲ್ಲರಿಗೂ ಕೊಡಬೇಡಿ, ತಾವಾಗಿ ಬಿಗಿಯಲು ಬಾರದವರಿಗೆ ಯೋಚಿಸಿ ಅನ್ನುತ್ತದೆ. ಅಂದರೆ ಕರೆಂಟು ಸೈಕಲ್ ಕಲಿಸುವಾಗ ಹಿಂದಿನಿಂದ ಹಿಡಿದ ಕೈ. ಬ್ಯಾಲೆನ್ಸ್ ಬಂದ ಮೇಲೆ ಬಿಡಬೇಕು.

ಮೂರು ತಿಂಗಳು ಮಾಡಿದೆ. ಹಾಲು ಕಾಯಿಸುವಾಗ 8, ಪ್ರೆಸ್‌ಮೀಟಿನಲ್ಲಿ ಸಾಹೇಬರು ತಡವಾಗಿ ಬರುವ ಹೊತ್ತಿನಲ್ಲಿ 8, ಮಲಗುವಾಗ 8. ಯಾರಿಗೂ ಗೊತ್ತಾಗುವುದಿಲ್ಲ. ಕೆಮ್ಮು ಬರುವ ಮುಂಚೆ ಒಮ್ಮೆ ಬಿಗಿದುಕೊಳ್ಳುವುದೂ ರೂಢಿಯಾಯಿತು. ಸೋರುವುದು ಹೆಚ್ಚೂಕಡಿಮೆ ನಿಂತಿದೆ. ಸೊಂಟ ನೋವು ಪೂರ್ತಿ ಹೋಗಿಲ್ಲ. ಹತ್ತಕ್ಕೆ ಏಳು ಇದ್ದದ್ದು ಮೂರಕ್ಕೆ ಇಳಿದಿದೆ. ಸ್ಕೂಟರಿನಲ್ಲಿ ತುಮಕೂರು ರಸ್ತೆ ಹಿಡಿದ ದಿನ ಐದಾಗುತ್ತದೆ.

ಇದನ್ನು ಓದಿ ಯಾರಾದರೂ ಇವತ್ತೇ ಬಿಗಿಯಲು ಶುರುಮಾಡುವ ಮುಂಚೆ ನಮ್ಮ ವಠಾರದ ಅಕ್ಕನ ಕಥೆಯನ್ನೂ ಹೇಳಬೇಕು. ಗಾರ್ಮೆಂಟ್ಸಿನಲ್ಲಿ ಟೈಲರ್. ಟಾರ್ಗೆಟ್ ತಪ್ಪಬಾರದು ಅಂತ ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ, ಒಂದಕ್ಕೆ ಹೋಗುವುದನ್ನು ತಡೆದಿಟ್ಟುಕೊಳ್ಳುತ್ತಾರೆ. ‘ಎದ್ದೋದ್ರೆ ಪೀಸು ನಿಲ್ಲುತ್ತೆ ಕಣೇ, ಸೂಪರ್‌ವೈಸರ್ ಲೈನಲ್ಲಿ ಎಲ್ರ ಮುಂದೆ ಕೂಗ್ತಾನೆ.’ ಅವರಿಗೆ ಕಿಬ್ಬೊಟ್ಟೆ ನೋವು, ಗಂಡನ ಜೊತೆ ಮಲಗಿದರೆ ನೋವು, ಮೂತ್ರ ಪೂರ್ತಿ ಆಗದ ಹಾಗೆ. ಯಾರೋ ಮೊಬೈಲಿನಲ್ಲಿ ಕೆಗೆಲ್ ವ್ಯಾಯಾಮ ತೋರಿಸಿದರಂತೆ, ಮಾಡಿದ ಮೇಲೆ ನೋವು ಜಾಸ್ತಿಯಾಯಿತು. ನಾನು ಅವರನ್ನು ಅದೇ ವಿಭಾಗಕ್ಕೆ ಕರೆದುಕೊಂಡು ಹೋದೆ. ಅವರ ಜೋಲಿ ಸಡಿಲವಾಗಿರಲಿಲ್ಲ, ವರ್ಷಗಟ್ಟಲೆ ಬಿಗಿದುಕೊಂಡು ಬಿಡುವುದನ್ನೇ ಮರೆತಿತ್ತು. ಅಂಥ ಸ್ನಾಯುವನ್ನು ಇನ್ನಷ್ಟು ಬಿಗಿದರೆ ನೋವು ಹೆಚ್ಚುವುದೇ. ಅವರಿಗೆ ಬೇಕಿದ್ದದ್ದು ಹೊಟ್ಟೆಯುಬ್ಬಿಸಿ ಉಸಿರಾಡುವುದು, ಸಡಿಲ ಬಿಡುವುದನ್ನು ಕಲಿಯುವುದು, ಹೊತ್ತುಹೊತ್ತಿಗೆ ಒಂದಕ್ಕೆ ಹೋಗುವುದು. ಜೊತೆಗೆ ರಾತ್ರಿ ಸೊಂಟದ ಕೆಳಭಾಗಕ್ಕೆ ಟೆನ್ಸ್. ಅರ್ಧ ಗಂಟೆ ಹಾಕಿಕೊಂಡರೆ ನಿದ್ದೆ ಬರುತ್ತದೆ ಅನ್ನುತ್ತಾರೆ. ಅದೇ ಜಾಗ, ಅದೇ ‘ಹೆಂಗಸರ ತೊಂದರೆ’ ಅನ್ನುವ ಹೆಸರು. ಚಿಕಿತ್ಸೆ ಮಾತ್ರ ಉಲ್ಟಾ. ಕೈಯಿಟ್ಟು ನೋಡದೆ ಯಾವ ಕರೆಂಟು ಕೊಡಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಆ ಅಕ್ಕನಿಗೆ ಮೊದಲು ಸಿಕ್ಕಿದ್ದ ಸಲಹೆ ‘ಗರ್ಭಕೋಶ ತೆಗೆಸಿಬಿಡಿ’ ಎಂಬುದು. ಸೊಂಟ ನೋವು, ಬಿಳಿಸೆರಗು, ಕಿಬ್ಬೊಟ್ಟೆ ನೋವು ಅಂತ ಹೋದವರಿಗೆ ಈ ಮಾತು ಎಲ್ಲಿಗೆ ಮುಟ್ಟಿತ್ತು ಎನ್ನುವುದನ್ನು ಕಲಬುರಗಿಯ ಲಂಬಾಣಿ ತಾಂಡಾಗಳು ನೋಡಿವೆ. ಅಲ್ಲಿ ಬೇಡದ ಗರ್ಭಕೋಶ ಆಪರೇಷನ್‌ಗಳ ವಿರುದ್ಧ ಹೆಂಗಸರೇ ಬೀದಿಗಿಳಿದಿದ್ದರು. ಬೇರೆ ರಾಜ್ಯಗಳ ಇಂಥವೇ ದೂರುಗಳ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ನಾವು ಈ ಸುದ್ದಿಯನ್ನು ಕ್ರೈಂ ಪುಟದ ಹಾಗೆ ಬರೆದೆವು. ಅದರ ಹಿಂದಿರುವ ಸಣ್ಣ ಪ್ರಶ್ನೆ ಇದು: ಆ ಸೊಂಟ ನೋವನ್ನು ಮೊದಲ ದಿನ ಯಾರು ಕೇಳಿಸಿಕೊಂಡರು?

ಕೆಗೆಲ್ ಅನ್ನುವುದು ಒಬ್ಬರ ಹೆಸರು. ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದರು. ಬಿಗಿತ ಎಷ್ಟಾಯಿತು ಅಂತ ಹೆಂಗಸರೇ ನೋಡಿಕೊಳ್ಳಲು ಒಂದು ಮಾಪಕವನ್ನೂ ಮಾಡಿದ್ದರು. ಅದೇ 1948ರಲ್ಲಿ ನಮ್ಮಲ್ಲಿ ಎರಡು ಕಾಯ್ದೆಗಳು ಬಂದವು. ಒಂದು ಇಎಸ್‌ಐ. ಇನ್ನೊಂದು ಕಾರ್ಖಾನೆ ಕಾಯ್ದೆ. ಅದರ 19ನೇ ಸೆಕ್ಷನ್ನು, ಕೆಲಸಗಾರರು ಕಾರ್ಖಾನೆಯಲ್ಲಿರುವಷ್ಟು ಹೊತ್ತೂ ಬಳಸಲು ಸಿಗುವ ಹಾಗೆ ಶೌಚಾಲಯ ಇರಬೇಕು ಅಂದಿತ್ತು. ಕಟ್ಟಡ ಇರುತ್ತದೆ. ಎದ್ದು ಅಲ್ಲಿಗೆ ಹೋಗುವ ಧೈರ್ಯ ಕಾನೂನಿನಿಂದ ಬರುವುದಿಲ್ಲ. ಇಎಸ್‌ಐ ವಿಷಯವೂ ಹಾಗೇ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರ ಕೈಯಿಂದ ಶೇ 0.75ರಷ್ಟು, ಮಾಲೀಕರಿಂದ ಶೇ 3.25ರಷ್ಟು ಹೋಗುತ್ತದೆ. ರಾಜಾಜಿನಗರದಲ್ಲಿ, ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಆದರೂ ಜನ ಸಂಜೆ ಹೊತ್ತಲ್ಲಿ ಕೈಯಿಂದ 350 ಕೊಟ್ಟು ಕರೆಂಟ್ ಹಾಕಿಸಿಕೊಳ್ಳುತ್ತಾರೆ. ವಾರಕ್ಕೆ ಮೂರು ದಿನ ಹಗಲು ಹೊತ್ತು ಆಸ್ಪತ್ರೆಗೆ ಹೋದರೆ ಹಾಜರಾತಿ ಬೋನಸ್ಸು ಹೋಗುತ್ತದೆ. ಸುದ್ದಿಗಿಷ್ಟು ಅಂತ ಕಾಸು ಪಡೆಯುವ ನಮ್ಮಂಥ ಸ್ಟ್ರಿಂಗರುಗಳಿಗೆ ಇಎಸ್‌ಐ ಕಾರ್ಡೂ ಇಲ್ಲ, ಫೀಲ್ಡಿನಲ್ಲಿ ಶೌಚಾಲಯವೂ ಇಲ್ಲ. ಮಧ್ಯಾಹ್ನದವರೆಗೆ ನೀರು ಕುಡಿಯದಿರುವ ಅಭ್ಯಾಸ ನಮಗೂ ಇದೆ.

ಹಾಗಾದರೆ ಟೆನ್ಸ್ ಕೆಲಸ ಮಾಡುತ್ತದಾ ಇಲ್ಲವಾ? ಓದಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. 2021ರಲ್ಲಿ ನೈಸ್, ಬೇರೆ ಕಾರಣ ಕಾಣದೆ ಮೂರು ತಿಂಗಳು ಮೀರಿ ಉಳಿಯುವ ದೀರ್ಘಕಾಲದ ನೋವಿಗೆ ಟೆನ್ಸ್, ಐಎಫ್‌ಟಿ, ಅಲ್ಟ್ರಾಸೌಂಡ್ ಕೊಡಬೇಡಿ, ಉಪಯೋಗಕ್ಕೆ ಪುರಾವೆ ಸಾಲದು ಅಂದಿತು. ಅದರ ಬದಲು ವ್ಯಾಯಾಮ ಹೇಳಿತು. ಮರುವರ್ಷ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ 381 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ಅಧ್ಯಯನ ಬಂತು. ಟೆನ್ಸ್ ಹಾಕಿಕೊಂಡಿರುವಾಗ ಮತ್ತು ತೆಗೆದ ಕೂಡಲೇ ನೋವು ಕಡಿಮೆಯಾಗುತ್ತದೆ ಅಂದಿತು. ಎರಡೂ ಜಗಳವಾಡಿದ ಹಾಗೆ ಕಾಣುತ್ತವೆ. ಹೆಸರಘಟ್ಟ ರಸ್ತೆಯ ಬೆಂಚಿನ ಮೇಲೆ ಕೂತವರಿಗೆ ಎರಡೂ ನಿಜ ಅಂತ ಗೊತ್ತು: ಹಾಕಿದಾಗ ಹಾಯಿ, ಮನೆಗೆ ಹೋದರೆ ಅದೇ. ಕರೆಂಟು ಕೊಡುವುದು ಒಂದು ಬಿಡುವು. ಆ ಎರಡು ಗಂಟೆಯಲ್ಲಿ ನಡೆದರೆ, ವ್ಯಾಯಾಮ ಮಾಡಿದರೆ, ನೆಟ್ಟಗೆ ನಿದ್ದೆ ಮಾಡಿದರೆ ಅದು ಚಿಕಿತ್ಸೆ. ಆ ಬಿಡುವನ್ನು ಇನ್ನೊಂದು ಶಿಫ್ಟಿಗೆ ಬಳಸಿದರೆ ಬಾಡಿಗೆ ಕಟ್ಟಿದ ಹಾಗೆ, ತಿಂಗಳು ತಿಂಗಳು ಕಟ್ಟುತ್ತಲೇ ಇರಬೇಕು.

ದುಡ್ಡು ಕೊಡುವ ಮುಂಚೆ ಕೇಳಬೇಕಾದವು ಇವು. ನನ್ನ ನೋವು ಎಲ್ಲಿಂದ ಅಂತ ನೋಡಿದ್ದೀರಾ? ಇದು ನೋವಿನ ಕರೆಂಟಾ, ಸ್ನಾಯುವಿನ ಕರೆಂಟಾ? ಎಷ್ಟು ಸಲಕ್ಕೆ ನಿಲ್ಲಿಸುತ್ತೀರಿ? ಇದರ ಜೊತೆ ನಾನೇನು ಮಾಡಬೇಕು? ಪೇಸ್‌ಮೇಕರ್ ಇದ್ದವರು, ಬಸುರಿಯರು, ಫಿಟ್ಸ್ ಬರುವವರು, ಕ್ಯಾನ್ಸರ್ ಇರುವವರು ವೈದ್ಯರನ್ನು ಕೇಳದೆ ಕರೆಂಟ್ ಹಾಕಿಸಿಕೊಳ್ಳಬಾರದು. ಗಾಯದ ಮೇಲೆ, ಸ್ಪರ್ಶ ಗೊತ್ತಾಗದ ಚರ್ಮದ ಮೇಲೆ, ಕತ್ತಿನ ಮುಂಭಾಗಕ್ಕೆ ಪ್ಯಾಡು ಇಡಬಾರದು. ಸೋಂಕು ಅಥವಾ ರಕ್ತಸ್ರಾವ ಇದ್ದಾಗ ಒಳಗಿನ ಪ್ರೋಬು ಬೇಡ. ಸೊಂಟ ನೋವಿನ ಜೊತೆ ತೊಡೆಯ ಸಂದಿ ಮರಗಟ್ಟಿದರೆ, ಕಾಲಲ್ಲಿ ಬಲ ಹೋದರೆ, ಮೂತ್ರ ಕಟ್ಟಿಕೊಂಡರೆ ಕ್ಲಿನಿಕ್ಕೂ ಬೇಡ, ಪ್ಯಾಡೂ ಬೇಡ, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ಒಳಗೆ ಪ್ರೋಬು ಇಡಿಸಿಕೊಳ್ಳಲು ಮನಸ್ಸೊಪ್ಪದವರಿಗೂ ದಾರಿಯಿದೆ. ಮೂತ್ರ ತಡೆಯಲಾಗದ ಅವಸರಕ್ಕೆ ಕಾಲಿನ ಹರಡಿನ ಒಳಬದಿಯ ನರಕ್ಕೆ ಕರೆಂಟು ಕೊಡುವ ಕ್ರಮವಿದೆ. ವಾರಕ್ಕೆ ಒಮ್ಮೆ 30 ನಿಮಿಷ, 12 ವಾರ. ಆ ನರದ ಬೇರು ಮೂತ್ರಚೀಲದ ನರಗಳ ಬೇರಿನ ಜೊತೆ ಬೆನ್ನುಹುರಿಯ ಕೆಳತುದಿಯಲ್ಲಿ ಕೂಡುತ್ತದೆ. ಎಲ್ಲ ಕಡೆ ಇದು ಸಿಗುವುದಿಲ್ಲ, ಆದರೆ ಕೇಳಬಹುದು.

ನಮ್ಮ ಜೊತೆ ಓದಿ ಈಗ ತಾಲ್ಲೂಕು ತಾಲ್ಲೂಕಿನಲ್ಲಿ ವರದಿ ಮಾಡುತ್ತಿರುವವರಿಗೆ ಒಂದು ಮಾತು. ಕಾರ್ಖಾನೆ ಸುದ್ದಿಗೆ ಹೋದಾಗ ಸಂಬಳ, ಪಿಎಫ್, ಬಸ್ಸು ಕೇಳುತ್ತೇವೆ. ಇನ್ನು ಮೇಲೆ ‘ಬೆಳಗ್ಗೆಯಿಂದ ಎಷ್ಟು ಸಲ ಒಂದಕ್ಕೆ ಹೋದ್ರಿ ಅಕ್ಕ?’ ಅಂತಲೂ ಕೇಳಿ. ಮೊದಲು ನಗುತ್ತಾರೆ. ಆಮೇಲೆ ಪಕ್ಕದವರನ್ನು ಕರೆಯುತ್ತಾರೆ. ನಾನು ಕೇಳಿದ ಒಂದು ಗೇಟಿನ ಮುಂದೆ ನಾಲ್ಕು ಜನ ಇದ್ದವರು ಹನ್ನೊಂದಾದರು. ಅವರಲ್ಲಿ ಏಳು ಜನ ಕರೆಂಟ್ ಕೊಡಿಸಿಕೊಳ್ಳುತ್ತಿದ್ದರು. ಮೂತ್ರದ ವಿಷಯ ಕ್ಲಿನಿಕ್ಕಿನಲ್ಲಿ ಕೇಳಿದ್ದರಾ ಅಂದರೆ, ಒಬ್ಬರಿಗೂ ಕೇಳಿರಲಿಲ್ಲ.